ಹಳೇ ಮನೆ ಕೊಂಡಿದ್ದೀರಾ? ಮೊದಲು ಆ ಸಿಮೆಂಟ್ ಚೀಲ ಕೆಳಗಿಡಿ

ಇಂಗ್ಲೆಂಡಿಗೆ ಬಂದು ಐದಾರು ವರ್ಷ ಬಾಡಿಗೆ ಕಟ್ಟಿ ಸಾಕಾಗಿರುತ್ತೆ. ಹೊಸ ಮನೆಗಳ ಬೆಲೆ ಕೇಳಿ ತಲೆ ತಿರುಗಿರುತ್ತೆ. ಕೊನೆಗೆ ಕೈಗೆಟುಕುವುದು ವಿಕ್ಟೋರಿಯಾ ರಾಣಿ ಕಾಲದ ಸಾಲುಮನೆ. ನಮ್ಮದೂ ಇದೇ ಕಥೆ. ರೆಡಿಂಗ್‌ನಲ್ಲಿ 1898ರ ಕೆಂಪು ಇಟ್ಟಿಗೆಯ ಮನೆ. ನೋಡಲು ಹೋದ ದಿನವೇ ನನಗೆ ಇಷ್ಟವಾಯಿತು. ಮೆಟ್ಟಿಲು ಕಿರ್ರ್ ಎಂದಿದ್ದು ಸಾಗರದ ಅಜ್ಜಿ ಮನೆಯ ಅಟ್ಟದ ಏಣಿಯ ಹಾಗೇ ಕೇಳಿಸಿತು. ಆ ಮೋಹಕ್ಕೆ ಇವತ್ತಿಗೂ ದುಡ್ಡು ಕಟ್ಟುತ್ತಿದ್ದೇವೆ.

ಕಾಗದಪತ್ರದ ವಿಷಯ ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಕೊಳ್ಳುವ ಮುಂಚೆ ಮನೆಯ ಸ್ಥಿತಿ ಪರೀಕ್ಷಿಸುವ ಸರ್ವೇಯರ್ ಕೊಟ್ಟ ವರದಿಯನ್ನು ಕೊನೆಯ ಪುಟದ ತನಕ ಓದಿ, ಮೊದಲ ದಿನದಿಂದಲೇ ಇನ್ಶೂರೆನ್ಸ್ ಮಾಡಿಸಿ, ಪಕ್ಕದ ಮನೆಯ ಜೊತೆ ಹಂಚಿಕೊಂಡ ಗೋಡೆಗೆ ದೊಡ್ಡ ಕೆಲಸ ಮಾಡುವುದಿದ್ದರೆ 1996ರ ಪಾರ್ಟಿ ವಾಲ್ ಕಾಯ್ದೆ ಪ್ರಕಾರ ಮುಂಚೆಯೇ ನೋಟಿಸ್ ಕೊಡಿ. ಮುಗಿಯಿತು.

ಮನೆಗೆ ಕಾಲಿಟ್ಟ ದಿನ ಹಾಲುಕ್ಕಿಸಿ. ಹಾಲು ತಣ್ಣಗಾಗುವಷ್ಟರಲ್ಲಿ ಸ್ಟಾಪ್‌ಕಾಕ್ ಎಲ್ಲಿದೆ ಅಂತ ಹುಡುಕಿ. ಇಡೀ ಮನೆಯ ನೀರು ನಿಲ್ಲಿಸುವ ತಿರುಪು ಅದು. ಸಾಮಾನ್ಯವಾಗಿ ಅಡಿಗೆಮನೆ ಸಿಂಕ್ ಕೆಳಗೆ ಇರುತ್ತೆ. ನಾವು ಹುಡುಕಿರಲಿಲ್ಲ. ಮೂರನೇ ವಾರ ಮಹಡಿಯ ಹಲಗೆಯೊಂದು ಕಿರ್ರ್ ಅನ್ನುತ್ತೆ ಅಂತ ನಮ್ಮ ಯಜಮಾನರು ಸುತ್ತಿಗೆ ತಗೊಂಡು ಎರಡೂವರೆ ಇಂಚಿನ ಮೊಳೆ ಹೊಡೆದರು. ಹಲಗೆ ಸುಮ್ಮನಾಯಿತು. ಆದರೆ ಅಡಿಗೆಮನೆಯ ಮೇಲ್ಛಾವಣಿಯಿಂದ ನೀರು ಸುರಿಯತೊಡಗಿತು! ಹಲಗೆ ಕೆಳಗೆ ಜಂತೆಗಳನ್ನು ಕೊರೆದು ಅದರಲ್ಲೇ ತಾಮ್ರದ ಪೈಪ್ ಎಳೆದಿರುತ್ತಾರೆ ಅಂತ ನಮಗೇನು ಗೊತ್ತು? ಸ್ಟಾಪ್‌ಕಾಕ್ ಸಿಕ್ಕಿತು, ತಿರುಗಲಿಲ್ಲ. ಯಾರೋ ಪುಣ್ಯಾತ್ಮರು ಅದರ ಮೇಲೆಲ್ಲ ಬಣ್ಣ ಬಳಿದಿದ್ದರು. ನೀರು ನಿಂತಿದ್ದು ಫುಟ್‌ಪಾತ್‌ನ ಮುಚ್ಚಳ ತೆಗೆದು ಹೊರಗಿನ ತಿರುಪು ಮುಚ್ಚಿದ ಮೇಲೆ, ಅದೂ ಪಕ್ಕದ ಮನೆಯ ಅಜ್ಜ ಬಂದ ಮೇಲೆ. ಈಗ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್‌ನಲ್ಲಿ ಗಡಿಯಾರ ಬದಲಿಸುವ ಭಾನುವಾರ, ಸ್ಟಾಪ್‌ಕಾಕನ್ನೂ ಪೂರ್ತಿ ಮುಚ್ಚಿ ತೆಗೆಯುತ್ತೇವೆ. ಪೂರ್ತಿ ತೆಗೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಬಿಡಿ, ಆಗ ಹಿಡಿದುಕೊಳ್ಳುವುದಿಲ್ಲ. ಹಲಗೆಗೆ ಮೊಳೆ ಬೇಡ. ಮೊದಲು ಎತ್ತಿ ಕೆಳಗೆ ನೋಡಿ, ಆಮೇಲೆ ಗಿಡ್ಡ ಸ್ಕ್ರೂ ಹಾಕಿ.

ಆ ಮೇಲ್ಛಾವಣಿಯ ಒಂದು ಭಾಗ ಅವತ್ತು ರಾತ್ರಿಯೇ ಕುಸಿಯಿತು. ಒಳಗೆ ನೋಡಿದರೆ ಸಣ್ಣ ಮರದ ಪಟ್ಟಿಗಳು. ಅದರ ಮೇಲೆ ಮೆತ್ತಿದ ಸುಣ್ಣ. ನಮ್ಮ ಕಡೆ ಅಡಿಕೆ ದಬ್ಬೆ ಹೊಡೆದು ಮಣ್ಣು ಮೆತ್ತಿದ ಹಾಗೆ! ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಎರಡನೇ ವರ್ಷದ ಬೇಸಿಗೆಯಲ್ಲಿ ಹೊರಗೋಡೆಯ ಇಟ್ಟಿಗೆ ಸಂದುಗಳು ಪುಡಿಪುಡಿಯಾಗಿ ಉದುರುವುದು ಕಂಡಿತು. ಬೆರಳಿಟ್ಟರೆ ಮರಳಿನ ಹಾಗೆ ಬರುತ್ತಿತ್ತು. ಊರಿಗೆ ಫೋನ್ ಮಾಡಿದೆ. ಅಪ್ಪ ಹೇಳಿದ್ದು: "ಕೂಸೇ, ಯೋಚನೆ ಮಾಡಬೇಡ, ಸಿಮೆಂಟ್ ತುಂಬಿಸಿಬಿಡು, ನೂರು ವರ್ಷ ಆ ಕಡೆ ನೋಡೋದೇ ಬೇಡ." ಕರೆಸಿದ ಕೆಲಸದವನೂ ಅದನ್ನೇ ಹೇಳಿದ. ಎರಡು ದಿಕ್ಕಿನಿಂದ ಒಂದೇ ಮಾತು ಬಂದಮೇಲೆ ಇನ್ನೇನು? 3,200 ಪೌಂಡ್ ಕೊಟ್ಟು ಗೋಡೆ ಪೂರ್ತಿ ಸಿಮೆಂಟ್ ಪಾಯಿಂಟಿಂಗ್ ಮಾಡಿಸಿದೆವು. ಗೆರೆ ಎಳೆದ ಹಾಗಿತ್ತು. ಫೋಟೋ ತೆಗೆದು ಊರಿಗೂ ಕಳಿಸಿದೆ.

ಎರಡು ಚಳಿಗಾಲ ಕಳೆಯಿತು. ಸಿಮೆಂಟ್ ಗಟ್ಟಿಯಾಗೇ ಇತ್ತು. ಇಟ್ಟಿಗೆಗಳ ಮುಖ ಮಾತ್ರ ಚಕ್ಕೆ ಚಕ್ಕೆಯಾಗಿ ಎದ್ದು ಬಿತ್ತು. ಒಳಗಡೆ ಗೋಡೆಗೆ ಒರಗಿಸಿದ್ದ ಬೀರು ತೆಗೆದರೆ ನನ್ನ ಧಾರೆ ಸೀರೆಯ ಮಡಿಕೆಯಲ್ಲಿ ಬೂಸ್ಟು. ಅದನ್ನು ಬಿಸಿಲಿಗೆ ಹಾಕಲು ಬಿಸಿಲಾದರೂ ಎಲ್ಲಿದೆ ಈ ದೇಶದಲ್ಲಿ?

ಆದದ್ದೇನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಒಂದು ವಿಷಯ ಗೊತ್ತಾದರೆ ಹಳೇ ಮನೆಯ ಅರ್ಧ ರಿಪೇರಿ ತಾನಾಗಿ ತಿಳಿಯುತ್ತೆ. ನಿಮ್ಮ ಮನೆಯ ಹೊರಗೋಡೆ ನೋಡಿ. ಒಂದೇ ಸಾಲಿನಲ್ಲಿ ಒಂದು ಇಟ್ಟಿಗೆ ಉದ್ದ, ಮುಂದಿನದು ಗಿಡ್ಡ, ಹೀಗೆ ಬಂದಿದ್ದರೆ ಅದು ಬಹುತೇಕ ಒಂಬತ್ತು ಇಂಚಿನ ಗಟ್ಟಿ ಗೋಡೆ. ನಡುವೆ ಟೊಳ್ಳು ಇಲ್ಲ. ಮಳೆ ಬಂದಾಗ ಅದು ನೆನೆಯುತ್ತೆ, ಮಳೆ ನಿಂತಾಗ ಸುಣ್ಣದ ಸಂದುಗಳಿಂದ ನೀರು ಆರಿ ಹೋಗುತ್ತೆ. ಸುಣ್ಣ ಮೆತ್ತಗಿರುವುದೇ ಅದಕ್ಕೆ. ನೂರು ವರ್ಷ ತಾನು ಸವೆದು ಇಟ್ಟಿಗೆ ಉಳಿಸುತ್ತೆ. ಸಿಮೆಂಟ್ ಹಾಕಿದರೆ ಆ ದಾರಿ ಮುಚ್ಚಿತು. ನೀರು ಇಟ್ಟಿಗೆ ಒಳಗೇ ನಿಲ್ಲುತ್ತೆ, ಹಿಮ ಬಿದ್ದಾಗ ಗಡ್ಡೆ ಕಟ್ಟಿ ಉಬ್ಬುತ್ತೆ, ಮುಖ ಒಡೆಯುತ್ತೆ. ಉಳಿದ ತೇವ ಮನೆ ಒಳಗೆ ಬರುತ್ತೆ.

ಇದನ್ನು ನನಗೆ ಕಲಿಸಿದವರು ಪಕ್ಕದ ಮನೆಯ ಅದೇ ಅಜ್ಜ. ನಲವತ್ತು ವರ್ಷ ಮೇಸ್ತ್ರಿ ಆಗಿದ್ದವರು. ಅವರಿಗಿಂತ ಮುಂಚೆ ತೇವ ನಿವಾರಣೆಯವರೊಬ್ಬರು ಬಂದು, ಯಂತ್ರ ಒತ್ತಿ, ಬೀಪ್ ಅನ್ನಿಸಿ, ಗೋಡೆಗೆ ಔಷಧ ಚುಚ್ಚಬೇಕು ಅಂತ ದೊಡ್ಡ ಮೊತ್ತ ಹೇಳಿದ್ದರು. ಅಜ್ಜ ಬಂದವರು ಯಂತ್ರ ತರಲಿಲ್ಲ. ಮೊದಲು ಮೇಲೆ ನೋಡಿದರು: ಸೂರಿನ ಅಂಚಿನ ಮಳೆನೀರಿನ ಗಟಾರು ಎಲೆ ತುಂಬಿ ಗೋಡೆ ಮೇಲೆ ಹರಿಯುತ್ತಿತ್ತು. ಆಮೇಲೆ ಕೆಳಗೆ ನೋಡಿದರು, ನನ್ನ ಮುಖ ನೋಡಿದರು. ಅಲ್ಲಿ ನನ್ನ ಮೆಂತ್ಯ ಸೊಪ್ಪಿನ ಮಡಿ ಇತ್ತು.

ಗೋಡೆಗೆ ಒತ್ತಿ ಮಣ್ಣು ಏರಿಸಿ ಮಡಿ ಮಾಡಿದ್ದೆ, ಬೆಚ್ಚಗಿರುತ್ತೆ ಅಂತ. ಗೋಡೆಯ ಬುಡದಲ್ಲಿ ನೆಲದ ತೇವ ಮೇಲೆ ಏರದ ಹಾಗೆ ತೆಳ್ಳಗಿನ ಸ್ಲೇಟ್ ಕಲ್ಲಿನ ಪದರ ಇರುತ್ತೆ. ಹೊರಗಿನ ನೆಲ ಅದಕ್ಕಿಂತ ಕನಿಷ್ಠ 150 ಮಿಲಿಮೀಟರ್ ಕೆಳಗಿರಬೇಕು. ನನ್ನ ಮಡಿ ಅದರ ಮೇಲೇ ಕೂತಿತ್ತು. ಜೊತೆಗೆ ತೂತಿನ ಇಟ್ಟಿಗೆ, ಇಲ್ಲಿನವರು ಏರ್‌ಬ್ರಿಕ್ ಅನ್ನುವುದು, ಅದನ್ನೂ ಮುಚ್ಚಿತ್ತು. ಇನ್ನೊಂದು ಬದಿಯದನ್ನು ಚಳಿಗಾಳಿ ಬರುತ್ತೆ ಅಂತ ನಾವೇ ಚಿಂದಿ ತುರುಕಿ ಮುಚ್ಚಿದ್ದೆವು. ಹಲಗೆ ನೆಲದ ಕೆಳಗೆ ಗಾಳಿ ಆಡಲಿ ಅಂತ ಇರುವ ಕಿಂಡಿ ಅದು. ಗಾಳಿ ನಿಂತರೆ ಜಂತೆ ಕೊಳೆಯುತ್ತೆ. ನಮ್ಮವು ಮೂರು ಕೊಳೆತಿದ್ದವು. ಮೆಂತ್ಯ ಮಾತ್ರ ಚೆನ್ನಾಗಿ ಬಂದಿತ್ತು.

ಸಿಮೆಂಟ್ ತೆಗೆಯಲು ನಮಗೆ ಎರಡು ಬೇಸಿಗೆ ಹಿಡಿಯಿತು. ಗ್ರೈಂಡರ್ ಹಿಡಿಯಬೇಡಿ, ಇಟ್ಟಿಗೆ ಅಂಚು ಹಾಳಾಗುತ್ತೆ. ಉಳಿ, ಸುತ್ತಿಗೆ, ತಾಳ್ಮೆ. ಸಂದಿನ ಅಗಲದ ಎರಡರಷ್ಟು ಆಳ ಕೆತ್ತಿ, ಧೂಳು ತೆಗೆದು, ನೀರು ಚಿಮುಕಿಸಿ, ಆಮೇಲೆ ಸುಣ್ಣ. ಚೀಲದ ಮೇಲೆ ಎನ್‌ಎಚ್‌ಎಲ್ (ನ್ಯಾಚುರಲ್ ಹೈಡ್ರಾಲಿಕ್ ಲೈಮ್, ಅಂದರೆ ನೀರು ಬೆರೆತರೆ ಗಟ್ಟಿಯಾಗುವ ಸುಣ್ಣ) 2, 3.5, 5 ಅಂತ ಇರುತ್ತೆ. ಸಂಖ್ಯೆ ಹೆಚ್ಚಾದಷ್ಟು ಗಟ್ಟಿ. ಮೆತ್ತಗಿನ ಹಳೇ ಇಟ್ಟಿಗೆಗೆ 5 ಬೇಡ. ನಾವು 3.5 ತಂದು ಒಂದು ಪಾಲಿಗೆ ಎರಡೂವರೆ ಪಾಲು ಮರಳು ಹಾಕಿದೆವು. ಚಳಿ 5 ಡಿಗ್ರಿಗಿಂತ ಕೆಳಗೆ ಇಳಿಯುವ ಕಾಲದಲ್ಲಿ ಈ ಕೆಲಸ ಮುಟ್ಟಬೇಡಿ. ಕನ್ನಡಕ, ಕೈಗವಸು ಬೇಕೇ ಬೇಕು. ಎಲೆಗೆ ಸುಣ್ಣ ಜಾಸ್ತಿ ಆದರೇ ಬಾಯಿ ಸುಡುತ್ತೆ ಅಲ್ವಾ, ಕಣ್ಣಿಗೆ ಬಿದ್ದರೆ ಏನು ಗತಿ?

ಮೊದಲ ಶನಿವಾರ ಸಂಜೆ ಅಜ್ಜ ಹೊಸ ಸುಣ್ಣ ಬೇಗ ಒಣಗದ ಹಾಗೆ ಗೋಡೆಗೆ ಒದ್ದೆ ಗೋಣಿತಾಟು ನೇತುಹಾಕಿದರು. ಅದರ ವಾಸನೆ ಮೂಗಿಗೆ ಬಡಿದಿದ್ದೇ ನಾನು ಅಲ್ಲೇ ಕೂತುಬಿಟ್ಟೆ. ಅಜ್ಜಿ ಮನೆ ಜಂಬಿಟ್ಟಿಗೆ ಗೋಡೆಯದು, ಸುಣ್ಣದ ಗಾರೆಯದು. ನಾನು ಸಣ್ಣವಳಿದ್ದಾಗ ಗಾರೆ ಮಾಡಿಸುವಾಗ ಬೆಲ್ಲ, ಅಳಲೆಕಾಯಿ ನೀರು ಕಲಸುತ್ತಿದ್ದರು. ನಾವು ಮಕ್ಕಳು ಬೆಲ್ಲ ಕದಿಯುತ್ತಿದ್ದೆವು. ಅಜ್ಜಿ ಒದ್ದೆ ಗೋಣಿ ಹೊದಿಸಿ "ಗೋಡೆಗೆ ಜ್ವರ ಬಂದಿದೆ, ಮುಟ್ಟಬೇಡಿ" ಅನ್ನುತ್ತಿದ್ದರು. ಆ ಮನೆಯನ್ನು ಕೆಡವಿ ಆರ್‌ಸಿಸಿ ಕಟ್ಟಿದಾಗ ನಾನು ಇಲ್ಲಿದ್ದೆ. ಫೋನಿನಲ್ಲಿ ಫೋಟೋ ನೋಡಿ "ತುಂಬಾ ಚೆನ್ನಾಗಿದೆ" ಅಂದೆ. ನನ್ನ ಊರಿನ ಕೆಲಸವನ್ನು ಸಾವಿರಾರು ಮೈಲಿ ದೂರ ಬಂದು ಇಂಗ್ಲಿಷ್ ಅಜ್ಜನ ಹತ್ತಿರ ಕಲಿಯಬೇಕಾಯಿತು. ನಾಚಿಕೆಯೂ ಆಯಿತು, ಕರಣೆ ಹಿಡಿದಾಗ ಖುಷಿಯೂ ಆಯಿತು.

ನಮ್ಮ ಅಭ್ಯಾಸಗಳ ಬಗ್ಗೆ ಎರಡು ಮಾತು. ಇಲ್ಲಿನ ಬಚ್ಚಲಿಗೆ ನೆಲದಲ್ಲಿ ನೀರು ಹೋಗುವ ದಾರಿ ಇಲ್ಲ. ನರಕ ಚತುರ್ದಶಿ ಎಣ್ಣೆಸ್ನಾನವನ್ನು ಟಬ್ಬಿನ ಒಳಗೇ ಕೂತು ಮುಗಿಸಿ. ಇಡ್ಲಿ, ಕುಕ್ಕರ್, ಒಳಗೆ ಹರವಿದ ಬಟ್ಟೆ, ಎಲ್ಲದರ ಹಬೆಯೂ ತಣ್ಣಗಿನ ಗೋಡೆಗೇ ಹೋಗಿ ಕೂರುತ್ತೆ. ಹಬೆ ಹೊರಗೆಳೆಯುವ ಫ್ಯಾನ್ ಹಾಕಿ, ಚಳಿಯಿದ್ದರೂ ದಿನಕ್ಕೆ ಹತ್ತು ನಿಮಿಷ ಕಿಟಕಿ ತೆಗೆಯಿರಿ, ಬೀರುವನ್ನು ಹೊರಗೋಡೆಯಿಂದ ನಾಲ್ಕು ಬೆರಳು ಈಚೆ ಇಡಿ. ಗಟಾರನ್ನು ದೀಪಾವಳಿಗೆ ಶುಚಿ ಮಾಡಿದರೆ ವ್ಯರ್ಥ, ಎಲೆ ಇನ್ನೂ ಮರದಲ್ಲೇ ಇರುತ್ತೆ. ತುಳಸಿ ಪೂಜೆ ಆದ ಮೇಲೆ, ಎಲೆ ಪೂರ್ತಿ ಉದುರಲು ಬಿಟ್ಟು ಶುಚಿ ಮಾಡಿ.

ಕೈ ಹಾಕಬಾರದ್ದು: ಗ್ಯಾಸ್. ಗ್ಯಾಸ್ ಸೇಫ್ ಅನ್ನುವ ಇಲ್ಲಿನ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇದ್ದವರೇ ಮಾಡಬೇಕು, ಕಾನೂನೇ ಇದೆ. ಮೇಲ್ಛಾವಣಿಗೆ ಉಬ್ಬು ಚಿತ್ತಾರದ ಲೇಪ ಇದ್ದು, ಅದು 2000ಕ್ಕೆ ಮುಂಚಿನದಾದರೆ ಕೆರೆಯಬೇಡಿ, ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಹಳೇ ಬಾಗಿಲಿನ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ, ಅದರಲ್ಲಿ ಸೀಸ ಇರಬಹುದು. ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಹೋದ ಡಿಸೆಂಬರ್‌ನಲ್ಲಿ ಊರಿಗೆ ಹೋಗಿದ್ದೆವು. ದೊಡ್ಡಪ್ಪನ ಹಳೇ ಕೊಟ್ಟಿಗೆ ಒಂದು ಉಳಿದಿದೆ. ಮಗಳು ಹೋಗಿ ಕೀಲಿಯಿಂದ ಗೋಡೆ ಕೆರೆದು ನೋಡಿದಳು. ಸುಲಭವಾಗಿ ಪುಡಿ ಉದುರಿದರೆ ಸುಣ್ಣ, ಕೀಲಿ ಜಾರಿದರೆ ಸಿಮೆಂಟ್, ಇದು ಅಜ್ಜ ಅವಳಿಗೆ ಹೇಳಿಕೊಟ್ಟ ಪರೀಕ್ಷೆ. "ಅಮ್ಮಾ, ಲೈಮ್!" ಅಂತ ಕೂಗಿದಳು. ದೊಡ್ಡಪ್ಪ ಲಿಂಬೆಹಣ್ಣು ಬೇಕೇನೋ ಅಂತ ತೋಟದ ಕಡೆ ಹೊರಟರು. "ಗಾರೆ ಅನ್ನು ಪುಟ್ಟಿ" ಅಂದೆ. ಅವಳಿಗೆ ಆ ಪದ ನಾನು ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ಈ ಸಲ ಹಿಂದಿನ ಗೋಡೆ ಮುಗಿಸಿದ ಮೇಲೆ ಒಂದೂವರೆ ಚೀಲ ಸುಣ್ಣ ಮಿಕ್ಕಿದೆ. ತೇವ ತಾಗಿದರೆ ಕಲ್ಲಾಗುತ್ತೆ, ಮುಂದಿನ ವರ್ಷಕ್ಕೆ ಇಡುವ ಸಾಮಾನಲ್ಲ. ರೆಡಿಂಗ್ ಸುತ್ತಮುತ್ತ ಇರುವವರು ಬಂದು ಒಯ್ಯಬಹುದು. ಉಳಿ ಬೇಕಾದರೂ ಕೊಡುತ್ತೇನೆ, ವಾಪಸ್ ತಂದುಕೊಡಿ, ಅದು ಅಜ್ಜನದು.