‘ಸೂಪರ್ ಆಗಿತ್ತು ಗುರು’ ಅಂದರೆ ಸಾಲದು: ನೀವೇ ಬರೆದ ಆರ್‌ಪಿಜಿಯ ನಿಯಮ ತಿದ್ದುವುದು ಹೇಗೆ?

ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳಲ್ಲಿ, ಅಪಾರ್ಟ್‌ಮೆಂಟ್‌ಗಳ ಕ್ಲಬ್‌ಹೌಸ್‌ಗಳಲ್ಲಿ ವಾರಾಂತ್ಯ ಬಂತೆಂದರೆ ನಾಲ್ಕೈದು ಜನ ದಾಳ ಹಿಡಿದು ಕೂತು ಕಥೆ ಆಡುತ್ತಾರೆ. ಒಬ್ಬರು ಆಟ ನಡೆಸುವ ಗೇಮ್ ಮಾಸ್ಟರ್, ಉಳಿದವರಿಗೆ ಒಂದೊಂದು ಪಾತ್ರ. ಮುಂದೇನಾಗುತ್ತದೆ ಅನ್ನುವುದನ್ನು ಅರ್ಧ ಮಾತು, ಅರ್ಧ ದಾಳ ತೀರ್ಮಾನಿಸುತ್ತವೆ. 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ (ಡಿ ಅಂಡ್ ಡಿ) ಹೊರಬಂದಾಗಿನಿಂದ ಬೆಳೆದುಕೊಂಡು ಬಂದ ಆಟ ಇದು; ಹೆಸರು ರೋಲ್ ಪ್ಲೇಯಿಂಗ್ ಗೇಮ್, ಚಿಕ್ಕದಾಗಿ ಆರ್‌ಪಿಜಿ. ಆಡುತ್ತಾ ಆಡುತ್ತಾ ಗುಂಪಿನಲ್ಲಿ ಯಾರಿಗಾದರೂ ಒಬ್ಬರಿಗೆ ಹುಕಿ ಬಂದೇ ಬರುತ್ತದೆ: ನಾನೇ ಒಂದು ಬರೆದರೆ ಹೇಗೆ? ಡ್ರ್ಯಾಗನ್ ಸಾಕು, ನಮ್ಮ ಕೆರೆ, ನಮ್ಮ ಪೇಟೆ, ನಮ್ಮ ದೆವ್ವ ಇರಲಿ.

ಬರೆಯುವುದು ಅಷ್ಟೇನೂ ಕಷ್ಟವಲ್ಲ. ತಿದ್ದುವುದು ಕಷ್ಟ. ಯಾಕೆಂದರೆ ನಮ್ಮವರು ಮುಖದ ಮೇಲೆ ‘ಚೆನ್ನಾಗಿಲ್ಲ’ ಅನ್ನುವುದಿಲ್ಲ. ಊಟಕ್ಕೆ ಕರೆದವರ ಮನೆಯಲ್ಲಿ ಹುಳಿಗೆ ಉಪ್ಪು ಕಮ್ಮಿ ಅಂತ ಯಾರು ಹೇಳುತ್ತಾರೆ? ಎಲೆಯಲ್ಲಿ ಏನು ಉಳಿದಿದೆ ಅಂತ ನೋಡಿಯೇ ತಿಳಿಯಬೇಕು. ಪ್ಲೇಟೆಸ್ಟ್, ಅಂದರೆ ಕರಡು ಆಟವನ್ನು ಬೇರೆಯವರಿಂದ ಆಡಿಸಿ ನೋಡುವುದೂ ಬಹುಪಾಲು ಅಂಥದ್ದೇ ಕೆಲಸ.

ಮಾತಿಗೆ ಒಂದು ಆಟ ಇಟ್ಟುಕೊಳ್ಳೋಣ. ಹೆಸರು ‘ಏರಿ ಕಾವಲು’. ಮಳೆಗಾಲದ ರಾತ್ರಿ ಕೆರೆ ಏರಿ ಬಿರುಕು ಬಿಟ್ಟಿದೆ. ನೀರಗಂಟಿ, ತಳವಾರ, ಸೂಲಗಿತ್ತಿ, ಶಾನುಭೋಗ ಸೇರಿ ಬೆಳಗಾಗುವಷ್ಟರಲ್ಲಿ ಊರು ಉಳಿಸಬೇಕು. ಮುಖ್ಯ ನಿಯಮ ಒಂದೇ: ಆರು ಮುಖದ ಎರಡು ದಾಳ ಉರುಳಿಸಿ. ಮೊತ್ತ 8 ಅಥವಾ ಜಾಸ್ತಿ ಬಂದರೆ ಅಂದುಕೊಂಡ ಕೆಲಸ ಆಯ್ತು.

ಆಟಕ್ಕೆ ಕೂರುವ ಮುಂಚೆ

ಕರಡನ್ನು ಕಪ್ಪು ಬಿಳುಪು ಜೆರಾಕ್ಸ್ ಮಾಡಿಸಿ, ಸ್ಟೇಪ್ಲರ್ ಹೊಡೆದು ಕೊಡಿ. ಬಣ್ಣದ ಚಿತ್ರ, ಗ್ಲಾಸಿ ಕಾಗದ ಈಗಲೇ ಬೇಡ. ಮುದ್ದಾದ ಪುಸ್ತಕ ಕೈಗೆ ಬಂದರೆ ಅದರ ಮೇಲೆ ಗೀಚುವುದಕ್ಕೇ ಜನ ಹಿಂಜರಿಯುತ್ತಾರೆ. ಪ್ರತಿ ಹಾಳೆಯ ಮೇಲೆ ಆವೃತ್ತಿಯ ಸಂಖ್ಯೆ, ತಾರೀಖು ಇರಲಿ. ಇಲ್ಲದಿದ್ದರೆ ಎರಡು ತಿಂಗಳ ನಂತರ ಯಾವ ದೂರು ಯಾವ ನಿಯಮದ ಮೇಲೆ ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಈ ಸಲ ಏನು ತಿಳಿಯಬೇಕು ಅನ್ನುವುದನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ‘ಆಟ ಹೇಗಿದೆ’ ಅನ್ನುವುದು ಪ್ರಶ್ನೆಯಲ್ಲ. ‘ದಾಳ ಸೋತಾಗ ಆಟಗಾರರಿಗೆ ಭಯ ಆಗುತ್ತದೋ, ಬೇಜಾರಾಗುತ್ತದೋ’ ಅನ್ನುವುದು ಪ್ರಶ್ನೆ.

ಆಡುವಾಗ ಬಾಯಿಗೆ ಬೀಗ

ಸಾಧ್ಯವಾದರೆ ಆಟ ನಡೆಸುವುದನ್ನು ಬೇರೆಯವರಿಗೆ ಬಿಟ್ಟು ನೀವು ಪಕ್ಕದಲ್ಲಿ ಕೂರಿ. ಅವರು ನಿಯಮವನ್ನು ತಪ್ಪಾಗಿ ಓದುತ್ತಾರೆ. ಓದಲಿ. ‘ಅಲ್ಲ ಅಲ್ಲ, ಅದು ಹಾಗಲ್ಲ’ ಅಂತ ನೀವು ಬಾಯಿ ಹಾಕಿದ ಕ್ಷಣವೇ ಪರೀಕ್ಷೆ ಮುಗಿಯಿತು. ನಾಳೆ ಆಟ ಕೊಂಡವರ ಮನೆಗೆಲ್ಲ ನೀವು ಹೋಗಿ ಕೂರುವುದಿಲ್ಲವಲ್ಲ?

ನೋಡಬೇಕಾದ್ದು ಬೇಕಾದಷ್ಟಿದೆ. ಯಾರು ಯಾವಾಗ ಫೋನ್ ತೆಗೆದರು? ಯಾವ ಪುಟಕ್ಕೆ ಮೂರು ಮೂರು ಸಲ ಹಿಂದಿರುಗಿದರು? ನಗು ಎಲ್ಲಿ ಬಂತು? ಮುಗಿದ ಮೇಲೆ ಕ್ಯಾರೆಕ್ಟರ್ ಶೀಟ್‌ಗಳನ್ನು, ಅಂದರೆ ಆಟಗಾರರು ತಮ್ಮ ಪಾತ್ರದ ವಿವರ ಬರೆದುಕೊಳ್ಳುವ ಹಾಳೆಗಳನ್ನು, ತಪ್ಪದೇ ವಾಪಸ್ ತೆಗೆದುಕೊಳ್ಳಿ. ಅವನ್ನು ಬೆಳಕಿಗೆ ಹಿಡಿದು ನೋಡಿ. ‘ದಣಿವು’ ಅನ್ನುವ ಚೌಕದಲ್ಲಿ ರಬ್ಬರ್ ಉಜ್ಜಿ ಉಜ್ಜಿ ಕಾಗದ ತೆಳುವಾಗಿರುತ್ತದೆ. ಅದರ ಕೆಳಗೇ, ನೀವು ಇಷ್ಟಪಟ್ಟು ಬರೆದ ‘ಊರಿನ ಋಣ’ ಅನ್ನುವ ಚೌಕ ಖಾಲಿ, ಪೆನ್ಸಿಲ್ ಗೀಟೂ ಇಲ್ಲ. ಅದನ್ನು ಯಾರೂ ಬೈದಿರುವುದಿಲ್ಲ, ಬಳಸಿಯೂ ಇರುವುದಿಲ್ಲ. ಬೈಗುಳಕ್ಕಿಂತ ಇದು ದೊಡ್ಡ ಸುದ್ದಿ.

ಆಟೊ ಬುಕ್ ಮಾಡುವ ಮೊದಲೇ ಕೇಳಿ

ಆಟವನ್ನು ಇಪ್ಪತ್ತು ನಿಮಿಷ ಮುಂಚೆಯೇ ನಿಲ್ಲಿಸಿ. ನಮ್ಮೂರಿನ ಟ್ರಾಫಿಕ್ ಗೊತ್ತಲ್ಲ, ಒಂಬತ್ತಾದರೆ ಅರ್ಧ ಜನ ಮೆಟ್ರೊ ಕಡೆ ಮುಖ ಮಾಡಿರುತ್ತಾರೆ. ‘ನಾಳೆ ಫಾರ್ಮ್ ಕಳಿಸ್ತೀನಿ, ತುಂಬಿ’ ಅಂದರೆ ತುಂಬುವವರು ನಿಮ್ಮ ಆಪ್ತ ಗೆಳೆಯರು ಮಾತ್ರ. ಅವರು ಬರೆಯುವುದೂ ಹೊಗಳಿಕೆಯೇ.

‘ಇಷ್ಟ ಆಯ್ತಾ’ ಅಂತ ಕೇಳಬೇಡಿ. ಬದಲಿಗೆ ನಡೆದದ್ದನ್ನು ಕೇಳಿ. ಯಾವ ಹೊತ್ತಿನಲ್ಲಿ ಏನು ಮಾಡಬೇಕು ಅಂತ ತೋಚಲಿಲ್ಲ? ಮಾಡಬೇಕು ಅಂದುಕೊಂಡದ್ದನ್ನು ಯಾವ ನಿಯಮ ತಡೆಯಿತು? ಇವತ್ತಿನ ಆಟವನ್ನು ನಾಳೆ ಆಫೀಸಿನಲ್ಲಿ ಯಾರಿಗಾದರೂ ಹೇಳುವುದಾದರೆ ಏನು ಹೇಳುತ್ತೀರಿ? ಕೊನೆಯ ಪ್ರಶ್ನೆ ನನ್ನ ಅಚ್ಚುಮೆಚ್ಚಿನದು. ಉತ್ತರದಲ್ಲಿ ಕೆರೆ, ಬಿರುಕು, ಶಾನುಭೋಗನ ಕಳ್ಳಾಟ ಬಂದರೆ ನಿಯಮ ಕಥೆಗೆ ಅಡ್ಡ ಬಂದಿಲ್ಲ ಅಂತ ಅರ್ಥ.

ಮಾತಿಗಿಂತ ಮೊದಲು ಎಲ್ಲರೂ ಎರಡು ಸಾಲು ಚೀಟಿಯಲ್ಲಿ ಬರೆಯಲಿ, ಹೆಸರು ಬೇಡ. ಜೋರಾಗಿ ಮಾತಾಡುವವರು ಒಬ್ಬರಿದ್ದರೆ ಉಳಿದವರು ‘ಹೌದು, ನನಗೂ ಹಾಗೇ ಅನ್ನಿಸ್ತು’ ಅಂದು ಸುಮ್ಮನಾಗಿಬಿಡುತ್ತಾರೆ.

ನೋವು ಅವರದು, ಮದ್ದು ನಿಮ್ಮದು

ಈಗ ಅಸಲಿ ಕೆಲಸ. ಬಂದ ಮಾತುಗಳನ್ನು ಒಂದು ಶೀಟ್‌ನಲ್ಲಿ ಹಾಕಿ ಮೂರು ಪಾಲು ಮಾಡಿ. ನಿಯಮ ಅರ್ಥವಾಗದ್ದು ಒಂದು ಪಾಲು. ಇಲ್ಲಿ ತಪ್ಪು ಬರವಣಿಗೆಯದು, ನಿಯಮ ಮುಟ್ಟಬೇಡಿ. ಅರ್ಥವಾಗಿಯೂ ಬೇಜಾರಾದದ್ದು ಇನ್ನೊಂದು. ಬೇರೆಯದೇ ಆಟ ಬೇಕು ಅಂದವರದು ಮೂರನೆಯದು. ಡಿ ಅಂಡ್ ಡಿ ಆಡಿ ಪಳಗಿದವರು ‘ಲೆವೆಲ್ ಇಲ್ವಾ? ಆರ್ಮರ್ ಇಲ್ವಾ?’ ಅಂತ ಕೇಳಿಯೇ ಕೇಳುತ್ತಾರೆ. ಥ್ಯಾಂಕ್ಸ್ ಹೇಳಿ, ಅಷ್ಟಕ್ಕೆ ಬಿಡಿ.

ಎರಡನೆಯ ಪಾಲಿನಲ್ಲಿ ಎಚ್ಚರ ಬೇಕು. ‘ಏರಿ ಕಾವಲು’ ಆಡಿದವರು ‘ದಾಳ ಬೀಳೋದೇ ಇಲ್ಲ, ಇನ್ನೊಂದು ದಾಳ ಕೊಡಿ’ ಅಂದರು ಅನ್ನಿ. ದೂರು ನಿಜವೇ? ಲೆಕ್ಕ ಹಾಕಿ. ಎರಡು ದಾಳ 36 ಬಗೆಯಲ್ಲಿ ಬೀಳಬಹುದು. 8 ಅಥವಾ ಜಾಸ್ತಿ ಬರುವುದು 15 ಬಗೆಯಲ್ಲಿ, ಅಂದರೆ ಶೇ 42. ಸತತ ಮೂರು ಸಲ ಸೋಲುವ ಸಂಭವ ಹೆಚ್ಚುಕಮ್ಮಿ ಐದರಲ್ಲಿ ಒಂದು. ನಾಲ್ವರು ಕೂತ ಮೇಜಿನಲ್ಲಿ ಯಾರಿಗೋ ಒಬ್ಬರಿಗೆ ಹಾಗಾಗುವುದು ಮಾಮೂಲು. ಹಾಗಾಗಿ ದೂರು ಖರೆ.

ಮದ್ದು? ಮೂರು ದಾಳ ಕೊಟ್ಟು 8 ಕೇಳಿದರೆ ಗೆಲುವು ಶೇ 84ಕ್ಕೆ ಹಾರುತ್ತದೆ. ಏರಿ ಒಡೆಯುವ ಭಯವೇ ಹೋಯಿತು, ಆಟವೂ ಹೋಯಿತು. 8ರ ಬದಲು 7 ಸಾಕು ಅಂದರೆ ಶೇ 58 ಆಗುತ್ತದೆ, ಸತತ ಮೂರು ಸೋಲಿನ ಸಂಭವ ಶೇ 7ಕ್ಕೆ ಇಳಿಯುತ್ತದೆ. ಬದಲಿಸಿದ್ದು ಒಂದೇ ಅಂಕಿ.

ಆದರೂ ನಾನು ಇನ್ನೊಂದು ಸಲ ಚೀಟಿಗಳನ್ನು ಓದುತ್ತೇನೆ. ಸೋತದ್ದಕ್ಕೆ ಬೇಜಾರೋ, ಸೋತಾಗ ಏನೂ ನಡೆಯದೆ ಸುಮ್ನೆ ಕೂತದ್ದಕ್ಕೋ? ಎರಡನೆಯದಾದರೆ ಅಂಕಿ ಬದಲಿಸಿ ಪ್ರಯೋಜನವಿಲ್ಲ. 2010ರ ‘ಅಪಾಕಲಿಪ್ಸ್ ವರ್ಲ್ಡ್’ ಅನ್ನುವ ಆರ್‌ಪಿಜಿ ಈ ತೊಡಕಿಗೆ ಒಳ್ಳೆಯ ದಾರಿ ತೋರಿಸಿತು: ಎರಡು ದಾಳದಲ್ಲಿ 10 ಅಥವಾ ಜಾಸ್ತಿ ಬಂದರೆ ಪೂರ್ತಿ ಗೆಲುವು, 7ರಿಂದ 9 ಬಂದರೆ ಕೆಲಸ ಆಗುತ್ತದೆ, ಆದರೆ ಏನಾದರೂ ತೆರಬೇಕು. ಬಿರುಕು ಮುಚ್ಚಿತು, ಲಾಟೀನು ನೀರಿಗೆ ಬಿತ್ತು. ಆಟ ನಿಲ್ಲುವುದಿಲ್ಲ.

ದೊಡ್ಡವರೂ ಹೀಗೇ ತಿದ್ದಿದ್ದಾರೆ. ‘ಪಾತ್‌ಫೈಂಡರ್’ ಅನ್ನುವ ಆರ್‌ಪಿಜಿಯ ಎರಡನೇ ಆವೃತ್ತಿಯ ಕರಡು 2018ರ ಆಗಸ್ಟ್‌ನಲ್ಲಿ ಆಟಗಾರರ ಕೈಗೆ ಬಂತು. ಮಂತ್ರದ ವಸ್ತುಗಳನ್ನು ಬಳಸಲು ದಿನಕ್ಕೆ ಇಂತಿಷ್ಟು ಅಂಕ ಅನ್ನುವ ‘ರೆಸೊನೆನ್ಸ್’ ನಿಯಮ ಅದರಲ್ಲಿತ್ತು. ಮದ್ದಿನ ಸೀಸೆ ಕುಡಿಯಲೂ ಅಂಕ ಎಣಿಸಬೇಕಾ ಅಂತ ಜನ ತಕರಾರು ತೆಗೆದರು. 2019ರ ಆಗಸ್ಟ್‌ನಲ್ಲಿ ಪುಸ್ತಕ ಬಂದಾಗ ಆ ನಿಯಮ ಇರಲಿಲ್ಲ. ಆದರೆ ಮಿತಿ ಪೂರ್ತಿ ಹೋಗಲಿಲ್ಲ: ಮೈಮೇಲೆ ತೊಡುವಂಥ ಮಂತ್ರದ ವಸ್ತುಗಳು ದಿನಕ್ಕೆ ಹತ್ತು, ಅಷ್ಟೇ. ಉದ್ದೇಶ ಉಳಿಸಿಕೊಂಡರು, ಎಣಿಕೆಯ ಕಾಟ ತೆಗೆದರು.

ತಿದ್ದುವಾಗ

ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ನಿಯಮ ಒಟ್ಟಿಗೆ ಬದಲಿಸಿ ಆಟ ಸುಧಾರಿಸಿದರೆ ಯಾವುದರಿಂದ ಅಂತ ಹೇಗೆ ಹೇಳುತ್ತೀರಿ? ಒಂದು ಸಾಲು ಸೇರಿಸಿದರೆ ಒಂದು ಸಾಲು ತೆಗೆಯಿರಿ. ದೂರಿಗೊಂದರಂತೆ ‘ಆದರೆ ಹೀಗಿದ್ದಾಗ...’ ಸೇರಿಸುತ್ತಾ ಹೋದರೆ ಹತ್ತು ಪುಟದ ಆಟ ನಲವತ್ತಾಗುತ್ತದೆ. ಖಾಲಿ ಉಳಿದ ಆ ‘ಊರಿನ ಋಣ’ದಿಂದಲೇ ಕತ್ತರಿ ಶುರುವಾಗಲಿ, ಎಷ್ಟೇ ಹೊಟ್ಟೆ ಉರಿದರೂ.

ಒಂದೇ ಗುಂಪಿನ ಮಾತು ನಂಬಬೇಡಿ. ಮಲ್ಲೇಶ್ವರದಲ್ಲಿ ಹೊಸಬರ ಗುಂಪು, ಕೋರಮಂಗಲದಲ್ಲಿ ಪಳಗಿದವರ ಗುಂಪು, ಇನ್ನೊಂದು ಕಡೆ ನಿಮ್ಮನ್ನು ನೋಡಿಯೇ ಇರದವರು. ಮೂರೂ ಕಡೆ ಬಂದ ದೂರನ್ನು ಮೊದಲು ಎತ್ತಿಕೊಳ್ಳಿ. ಡಿ ಅಂಡ್ ಡಿಯ ಐದನೇ ಆವೃತ್ತಿಗೆ 2012ರ ಮೇನಲ್ಲಿ ಸಾರ್ವಜನಿಕ ಪರೀಕ್ಷೆ ಶುರುವಾಗಿ ಪುಸ್ತಕ ಬಂದದ್ದು 2014ರಲ್ಲಿ. ನಿಮಗೆ ಅಷ್ಟು ಕಾಲ ಬೇಡ, ಆದರೆ ಒಂದು ಭಾನುವಾರವೂ ಸಾಲದು.

ಆಡಿದವರ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಏನು ಬದಲಾಯಿತು, ಏನು ಬದಲಾಗಲಿಲ್ಲ, ಯಾಕೆ ಅಂತ ನಾಲ್ಕು ಸಾಲು ಹಾಕಿ. ತಮ್ಮ ಮಾತು ಕಸಕ್ಕೆ ಹೋಗಿಲ್ಲ ಅಂತ ಗೊತ್ತಾದರೆ ಮುಂದಿನ ಸಲ ಅವರೇ ನಿಜ ಹೇಳುತ್ತಾರೆ. ಪುಸ್ತಕದಲ್ಲಿ ಅವರ ಹೆಸರು ಹಾಕಿ, ಕೇಳಿ ಹಾಕಿ.

ಎಲ್ಲಿಗೆ ನಿಲ್ಲಿಸುವುದು? ಒಬ್ಬರು ‘ತೀರಾ ಕಷ್ಟ’ ಅಂದು ಪಕ್ಕದವರು ‘ತೀರಾ ಸಲೀಸು’ ಅನ್ನಲು ಶುರುಮಾಡಿದಾಗ ಅಂಕಿಗಳನ್ನು ಮುಟ್ಟುವುದು ಬಿಡಿ. ಆಟಗಾರರ ಪ್ರಶ್ನೆಗಳು ನಿಯಮ ಬಿಟ್ಟು ‘ಆ ಶಾನುಭೋಗ ಆಮೇಲೆ ಏನಾದ?’ ಅನ್ನುವ ಕಡೆ ತಿರುಗಿದರೆ, ಚಿತ್ರ ಬರೆಯುವವರಿಗೆ ಫೋನ್ ಮಾಡಬಹುದು.