ಕರುಳಿನ ಸೂಕ್ಷ್ಮಜೀವಿಗಳಿಗೂ ಊಟ ಹಾಕಿ, ಆದರೆ ಆತುರ ಬೇಡ

ನಾರಿನಂಶ ಒಳ್ಳೆಯದೆಂದು ಓದಿ ಸೋಮವಾರದಿಂದಲೇ ಕಾಳು, ಸೊಪ್ಪು, ಓಟ್ಸ್ ಎಂದು ಹಟಕ್ಕೆ ಬಿದ್ದವರಲ್ಲಿ ಹಲವರು ಗುರುವಾರದ ಹೊತ್ತಿಗೆ ಹೊಟ್ಟೆ ಉಬ್ಬರಿಸಿಕೊಂಡು ಕೈಬಿಡುತ್ತಾರೆ. ಆಯ್ದ ಆಹಾರ ಸರಿಯಾಗಿಯೇ ಇರುತ್ತದೆ, ಎಡವುವುದು ವೇಗದಲ್ಲಿ.

ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಇರುವುದು ದೊಡ್ಡಕರುಳಿನಲ್ಲಿ. ಸಕ್ಕರೆ, ಪಿಷ್ಟ, ಪ್ರೋಟೀನು, ಕೊಬ್ಬು ಹೆಚ್ಚಾಗಿ ಸಣ್ಣಕರುಳಿನಲ್ಲೇ ಮುಗಿದುಹೋಗುತ್ತವೆ. ಜೀರ್ಣವಾಗದೆ ಕೆಳಗಿಳಿಯುವ ನಾರೇ ಈ ಜೀವಿಗಳ ಮುಖ್ಯ ಆಹಾರ. ಅದನ್ನು ಹುದುಗಿಸಿ ಅವು ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಆಮ್ಲಗಳನ್ನು ತಯಾರಿಸುತ್ತವೆ. ದೊಡ್ಡಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಪ್ರಮುಖ ಇಂಧನ. ನಾರು ಸಿಗದಿದ್ದಾಗ ಕೆಲವು ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯನ್ನು ಕಾಯುವ ಲೋಳೆಯನ್ನೇ ತಿನ್ನತೊಡಗುವುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ನಾರಿನ ಹುದುಗುವಿಕೆಯಿಂದಲೇ ಗ್ಯಾಸ್ ಕೂಡ ಹುಟ್ಟುತ್ತದೆ. ಹಾಗಾಗಿ ಸ್ವಲ್ಪ ಗ್ಯಾಸ್ ಬಂದರೆ ಗಾಬರಿಪಡಬೇಕಿಲ್ಲ.

ಮೊದಲು ಲೆಕ್ಕ

ಮೂರು ದಿನ ತಿಂದದ್ದನ್ನೆಲ್ಲ ಬರೆದಿಡಿ. ಬೇಯಿಸಿದ ಕಾಳು 100 ಗ್ರಾಂಗೆ ಸುಮಾರು 7–8 ಗ್ರಾಂ ನಾರು, 40 ಗ್ರಾಂ ಓಟ್ಸ್‌ಗೆ 4, ಸಿಪ್ಪೆ ಸಮೇತ ಒಂದು ಸೇಬಿಗೆ 4, ಬಾಳೆಹಣ್ಣಿಗೆ 3 ಎಂದು ಹಿಡಿಯಿರಿ. ಪಾಲಿಶ್ ಮಾಡಿದ ಅಕ್ಕಿಯ ಅನ್ನದಿಂದ ಹೆಚ್ಚೇನೂ ಸಿಗದು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ ಪ್ರಮಾಣ, 10 ವರ್ಷ ದಾಟಿದ ಎಲ್ಲರಿಗೂ ದಿನಕ್ಕೆ ಕನಿಷ್ಠ 25 ಗ್ರಾಂ ನಾರು, 400 ಗ್ರಾಂ ತರಕಾರಿ ಮತ್ತು ಹಣ್ಣು.

ವಾರಕ್ಕೆ 5 ಗ್ರಾಂ, ಹೆಚ್ಚಲ್ಲ

ಈಗ 12 ಗ್ರಾಂ ತಿನ್ನುತ್ತಿದ್ದರೆ 25 ಮುಟ್ಟಲು ಮೂರು ವಾರ ತೆಗೆದುಕೊಳ್ಳಿ. ಮೊದಲ ವಾರ ದಿನಕ್ಕೊಂದು ಹಣ್ಣು ಮತ್ತು ಒಂದು ಹಿಡಿ ತರಕಾರಿ ಹೆಚ್ಚಿಸಿ, ಎರಡನೇ ವಾರ ಅರ್ಧ ಬಟ್ಟಲು ಕಾಳು ಸೇರಿಸಿ. ಉಬ್ಬರ ಜಾಸ್ತಿಯಾದರೆ ಹಳೆಯ ಊಟಕ್ಕೆ ಮರಳಬೇಡಿ. ಇದ್ದ ಪ್ರಮಾಣದಲ್ಲೇ ಇನ್ನೊಂದು ವಾರ ನಿಲ್ಲಿ, ಬಹುತೇಕರಿಗೆ ಅಷ್ಟರಲ್ಲಿ ಒಗ್ಗುತ್ತದೆ. ನೀರನ್ನೂ ಹೆಚ್ಚಿಸಬೇಕು. ನಾರು ಏರಿ ನೀರು ಏರದಿದ್ದರೆ ಮಲ ಗಟ್ಟಿಯಾಗಿ, ಮಲಬದ್ಧತೆಗೆಂದು ಹಿಡಿದ ದಾರಿಯೇ ಮಲಬದ್ಧತೆ ತರುತ್ತದೆ.

ಕಾಳಿನಿಂದ ಗ್ಯಾಸ್ ಬರಲು ಅದರಲ್ಲಿರುವ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳು ಕಾರಣ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣಕರುಳಿನಲ್ಲಿಲ್ಲ. 8ರಿಂದ 12 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದರೆ ಒಂದಷ್ಟು ಹೊರಟುಹೋಗುತ್ತವೆ. ರಾಜ್ಮಾ ವಿಷಯದಲ್ಲಿ ಮಾತ್ರ ಹುಷಾರು: ನೆನೆಸಿದ ಮೇಲೆ ಕನಿಷ್ಠ 10 ನಿಮಿಷ ಕೊತಕೊತ ಕುದಿಯಲೇಬೇಕು. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ಅದರಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನು ನಾಶವಾಗದೆ ವಾಂತಿ, ಭೇದಿ ಆಗಬಹುದು.

ಬಗೆ ಹೆಚ್ಚಲಿ

ಸಾರ್ವಜನಿಕರಿಂದ ಮಲದ ಮಾದರಿ ಪಡೆದು ಕರುಳಿನ ಜೀವಿಗಳನ್ನು ಅಧ್ಯಯನ ಮಾಡಿದ ಅಮೆರಿಕನ್ ಗಟ್ ಪ್ರಾಜೆಕ್ಟ್‌ನ 2018ರ ವರದಿಯ ಪ್ರಕಾರ ವಾರಕ್ಕೆ 30ಕ್ಕೂ ಹೆಚ್ಚು ಬಗೆಯ ಸಸ್ಯಾಹಾರ ತಿನ್ನುವವರ ಕರುಳಿನಲ್ಲಿ, 10 ಅಥವಾ ಅದಕ್ಕಿಂತ ಕಡಿಮೆ ಬಗೆ ತಿನ್ನುವವರಿಗಿಂತ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚು ಕಂಡಿತ್ತು. ಇದು ಬರೀ ಹೋಲಿಕೆ, ಸಾಬೀತಾದ ಕಾರಣವಲ್ಲ. 30 ಎಂಬ ಸಂಖ್ಯೆಗೆ ಅಂಟಿಕೊಳ್ಳಬೇಡಿ. ಧಾನ್ಯ ಬದಲಿಸಿ, ಎರಡು ಮೂರು ಕಾಳು ಬೆರೆಸಿ, ಬೀಜಗಳನ್ನು ಉದುರಿಸಿ. ಬಗೆ ತಾನಾಗಿ ಏರುತ್ತದೆ.

ಹುಳಿ ಬಂದ ಆಹಾರ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಚಿಕ್ಕ ಪ್ರಯೋಗದಲ್ಲಿ 10 ವಾರ ಹುದುಗಿಸಿದ ಆಹಾರವನ್ನು ಹೆಚ್ಚಾಗಿ ತಿಂದವರ ಕರುಳಿನ ವೈವಿಧ್ಯ ಏರಿತು, ಉರಿಯೂತದ ಹಲವು ಸೂಚಕಗಳು ಇಳಿದವು. ಆದರೆ ಜೀವಂತ ಬ್ಯಾಕ್ಟೀರಿಯಾ ಇರಬೇಕು. ವಿನೆಗರ್ ಸುರಿದು ಮಾಡಿದ ಉಪ್ಪಿನಕಾಯಿಯಲ್ಲಿ, ಹುದುಗಿದ ಮೇಲೆ ಬಿಸಿ ಮಾಡಿ ಪ್ಯಾಕ್ ಮಾಡಿದ್ದರಲ್ಲಿ ಅದು ಸಿಗುವುದಿಲ್ಲ. ಮೊಸರು ಸುಲಭದ ದಾರಿ. ಇನ್ನೊಂದು, ಎಲೆಕೋಸು.

ಹೆಚ್ಚಿದ ಎಲೆಕೋಸು 1 ಕಿಲೋ, ಉಪ್ಪು 20 ಗ್ರಾಂ. ಉಪ್ಪನ್ನು ತೂಕ ಮಾಡಿಯೇ ಹಾಕಿ, ಚಮಚದ ಅಂದಾಜು ನಂಬುವಂಥದ್ದಲ್ಲ. ತೀರಾ ಕಡಿಮೆಯಾದರೆ ಮೆತ್ತಗಾಗಿ ಕೊಳೆಯುತ್ತದೆ, ತೀರಾ ಹೆಚ್ಚಾದರೆ ಹುಳಿಯೇ ಏರದು. ನೀರೊಡೆಯುವ ತನಕ ಹತ್ತು ನಿಮಿಷ ಕೈಯಿಂದ ಹಿಸುಕಿ, ಗಾಜಿನ ಭರಣಿಗೆ ಒತ್ತಿ ತುಂಬಿ, ಮೇಲೆ ನಾಲ್ಕು ಬೆರಳು ಜಾಗ ಬಿಡಿ. ಕೋಸು ಪೂರ್ತಿ ತನ್ನ ನೀರಿನಲ್ಲಿ ಮುಳುಗಿರುವಂತೆ ಭಾರ ಇಡಿ, ಮುಚ್ಚಳ ಸಡಿಲವಾಗಿರಲಿ. 18ರಿಂದ 22 ಡಿಗ್ರಿಯಲ್ಲಿ ಎರಡು ಮೂರು ವಾರ ಬೇಕು. ಸೆಖೆಯಿದ್ದರೆ ಬೇಗ ಹುಳಿಯುತ್ತದೆ, ಆದರೆ ಗರಿಗರಿ ಹೋಗುತ್ತದೆ. ಮೇಲೆ ತೆಳ್ಳಗಿನ ಬಿಳಿ ಪೊರೆ ಕಟ್ಟಿದರೆ ಅದು ಯೀಸ್ಟ್, ತೆಗೆದುಬಿಡಿ. ರೋಮರೋಮವಾಗಿ ಹಸಿರು, ಕಪ್ಪು, ಗುಲಾಬಿ ಬೂಷ್ಟು ಕಂಡರೆ ಭರಣಿಯಲ್ಲಿದ್ದದ್ದನ್ನೆಲ್ಲ ಚೆಲ್ಲಬೇಕು, ಮೇಲಿನದ್ದಷ್ಟೇ ತೆಗೆದರೆ ಸಾಲದು. ತಿನ್ನಲು ಒಂದು ಚಮಚದಿಂದ ಶುರುಮಾಡಿ. ರಕ್ತದೊತ್ತಡ ಇರುವವರು ಇದರ ಉಪ್ಪನ್ನೂ ಲೆಕ್ಕಕ್ಕೆ ಹಿಡಿಯಲಿ.

ನಡಿಗೆ, ನಿದ್ದೆ, ಮಾತ್ರೆ

ವ್ಯಾಯಾಮವೂ ಕೆಲಸ ಮಾಡುತ್ತದೆ: 2018ರ ಒಂದು ಅಧ್ಯಯನದಲ್ಲಿ ಆರು ವಾರ ವ್ಯಾಯಾಮ ಮಾಡಿದಾಗ, ಅದರಲ್ಲೂ ತೆಳ್ಳಗಿನವರಲ್ಲಿ, ಬ್ಯುಟಿರೇಟ್ ಏರಿತು. ನಿಲ್ಲಿಸಿದ ಮೇಲೆ ಬದಲಾವಣೆ ಬಹುಮಟ್ಟಿಗೆ ಅಳಿಸಿಹೋಯಿತು. ಮಲಗುವ, ಉಣ್ಣುವ ಹೊತ್ತು ದಿನದಿನಕ್ಕೆ ಬದಲಾಗದಿರಲಿ.

ಆ್ಯಂಟಿಬಯಾಟಿಕ್ ಅನ್ನು ವೈರಸ್‌ನಿಂದ ಬಂದ ನೆಗಡಿಗೆ ನುಂಗಬೇಡಿ, ಅದರಿಂದ ನೆಗಡಿ ಹೋಗದು, ಕರುಳಿನ ಬ್ಯಾಕ್ಟೀರಿಯಾ ಹೋಗುತ್ತದೆ. ವೈದ್ಯರು ಬರೆದುಕೊಟ್ಟಾಗ ಹೇಳಿದ ಹಾಗೆಯೇ ತೆಗೆದುಕೊಳ್ಳಿ. ಅದರ ಬೆನ್ನಿಗೇ ಪ್ರೋಬಯಾಟಿಕ್ (ಜೀವಂತ ಒಳ್ಳೆಯ ಬ್ಯಾಕ್ಟೀರಿಯಾ ಇರುವ) ಮಾತ್ರೆ ನುಂಗುವ ರೂಢಿಯ ಬಗ್ಗೆ ಒಂದು ಎಚ್ಚರಿಕೆ: 2018ರ ಸಣ್ಣ ಅಧ್ಯಯನವೊಂದರಲ್ಲಿ ಹಾಗೆ ಮಾಡಿದವರಲ್ಲಿ ಮೂಲ ಬ್ಯಾಕ್ಟೀರಿಯಾ ಮರಳುವುದು ತಡವಾಗಿತ್ತು. ಮನೆಗೇ ಬರುವ ಮಲಪರೀಕ್ಷೆಯ ಕಿಟ್‌ಗಳಿಗೂ ಹಣ ಸುರಿಯಬೇಕಿಲ್ಲ. ಆರೋಗ್ಯಕರ ಮೈಕ್ರೋಬಯೋಮ್ (ಕರುಳಿನ ಸೂಕ್ಷ್ಮಜೀವಿಗಳ ಸಮೂಹ) ಎಂದರೆ ಇಂಥದ್ದೇ ಎಂಬ ಒಪ್ಪಿತ ಅಳತೆಗೋಲು ಇನ್ನೂ ಇಲ್ಲ.

ಐಬಿಎಸ್ (ಹೊಟ್ಟೆನೋವು, ಭೇದಿ, ಮಲಬದ್ಧತೆ ಮರುಕಳಿಸುವ ಕರುಳಿನ ತೊಂದರೆ) ಇರುವವರಿಗೆ ಈರುಳ್ಳಿ, ಬೆಳ್ಳುಳ್ಳಿ, ಕಾಳು ತೊಂದರೆ ಕೊಡಬಹುದು, ಆಹಾರತಜ್ಞರನ್ನು ಕೇಳಿ ಮುಂದುವರಿಯಿರಿ. ಕರುಳಿನ ಶಸ್ತ್ರಚಿಕಿತ್ಸೆ ಆದವರು, ಕಿಮೋಥೆರಪಿಯಲ್ಲಿರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಇದ್ಯಾವುದನ್ನೂ ತಾವಾಗಿ ಶುರುಮಾಡಬಾರದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ವಾರಗಟ್ಟಲೆ ಸರಿಹೋಗದ ಮಲವಿಸರ್ಜನೆಯ ಬದಲಾವಣೆ: ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರ ಬಳಿ ಹೋಗಿ.