ಅಂಗನವಾಡಿಗೆ ಸೇರಿಸುವಾಗ ಒಂದು ಹಾಳೆ ಬರೆದುಕೊಡಿ

ಮಾತು ತಡವಾದ ಅಥವಾ ಆಟಿಸಂ ಇರುವ ಮಗುವನ್ನು ಅಂಗನವಾಡಿಗೋ ಡೇಕೇರ್‌ಗೋ ಸೇರಿಸುತ್ತಿದ್ದೀರಾ? ವರದಿಗಳ ಫೈಲ್ ಕೊಟ್ಟರೆ ಸಾಲದು. ಅದನ್ನು ಓದಲು ಟೀಚರ್‌ಗೆ ಪುರುಸೊತ್ತು ಎಲ್ಲಿರುತ್ತದೆ? ಒಂದೇ ಹಾಳೆಯಲ್ಲಿ, ಸರಳ ಕನ್ನಡದಲ್ಲಿ ಬರೆದುಕೊಡಿ. ಬಾಯಾರಿದರೆ ಮಗು ಹೇಗೆ ತಿಳಿಸುತ್ತದೆ? ಯಾವ ಸದ್ದಿಗೆ ಹೆದರುತ್ತದೆ? ಅತ್ತಾಗ ಏನು ಮಾಡಬೇಕು?

ನನ್ನ ಮಗ ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದ. ಹಠ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಹಾಳೆ ಓದಿದ ಮೇಲೆ ಟೀಚರ್ ಅವನ ಚಾಪೆಯನ್ನು ಅಡುಗೆ ಕೋಣೆಯಿಂದ ದೂರ ಹಾಕಿದರು. ಅರ್ಧ ಅಳು ಅಲ್ಲಿಗೇ ನಿಂತಿತು.

ಇನ್ನೊಂದು, ಗೋಡೆಗೆ ನಾಲ್ಕು ಚಿತ್ರ ಅಂಟಿಸಲು ಕೇಳಿ: ಹಾಡು, ಆಟ, ಊಟ, ಮನೆ. ನೀವೇ ಬರೆದುಕೊಟ್ಟರೂ ಆಯಿತು. ಒಂದು ಮುಗಿಯುವ ಸ್ವಲ್ಪ ಮೊದಲು ಮುಂದಿನ ಚಿತ್ರ ತೋರಿಸಬೇಕು. ಆಟ ಬಿಟ್ಟು ಏಳುವಾಗಲೇ ಗಲಾಟೆ ಜಾಸ್ತಿ, ಅಲ್ವಾ? ಮುಂದೇನು ಅಂತ ಗೊತ್ತಾದರೆ ಮಗುವಿಗೆ ಧೈರ್ಯ. ಬೇರೆ ಮಕ್ಕಳೂ ಚಿತ್ರ ನೋಡಿ ಮುಂದಿನದಕ್ಕೆ ಓಡುತ್ತಾರೆ.

ಮೊದಲ ವಾರ ಮಗುವನ್ನು ದಿನಕ್ಕೆ ಒಂದೇ ಗಂಟೆ ಅಲ್ಲಿ ಬಿಡಿ.

ಮಗುವನ್ನು ಮೂಲೆಯಲ್ಲಿ ಸುಮ್ನೆ ಕೂರಿಸಿದರೆ ಮಾತ್ರ ಒಪ್ಪಬೇಡಿ. ಜೊತೆಗೊಬ್ಬ ಗೆಳೆಯನನ್ನು ಕೂರಿಸಲು ಕೇಳಿ. ಅಂಗನವಾಡಿಗಳಲ್ಲಿ ದಿವ್ಯಾಂಗ ಮಕ್ಕಳನ್ನು ಸೇರಿಸಿಕೊಳ್ಳುವುದಕ್ಕೆಂದೇ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2023ರಲ್ಲಿ ಮಾರ್ಗಸೂಚಿ ತಂದಿದೆ. ಧೈರ್ಯವಾಗಿ ಕೇಳಿ. ಮಾತು, ಕಿವಿಯ ಬಗ್ಗೆ ಅನುಮಾನವಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಬಹುದು.